ದೋಣಿ ಮನೆಯಲ್ಲ

ಫೋರ್ಟ್ ಕೊಚ್ಚಿಗೆ ಪ್ರವಾಸ ಹೋಗಿ ಬಂದವರ ಬಾಯಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. ಚೀನೀ ಬಲೆಗಳ ಮುಂದೆ ಫೋಟೊ ತೆಗೆಸಿಕೊಂಡು, ಮಟ್ಟಾಂಚೇರಿಯಲ್ಲಿ ಏಲಕ್ಕಿ, ಮೆಣಸು ಕೊಂಡು, ಆಲಪ್ಪುಳದ ಹೌಸ್‌ಬೋಟಿನಲ್ಲಿ ಒಂದು ರಾತ್ರಿ ಕಳೆದು ಬೆಂಗಳೂರಿಗೆ ವಾಪಸಾದ ಮೇಲೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೂತಾಗ ಹೊಳೆಯುವ ಮಾತು ಅದು: ‘ಫ್ಲಾಟಿಗೆ ಕೋಟಿ ಸುರಿಯುವ ಬದಲು ಒಂದು ದೋಣಿ ಕೊಂಡು ಅಲ್ಲೇ ಇದ್ದುಬಿಟ್ಟರೆ ಹೇಗೆ? ಲ್ಯಾಪ್‌ಟಾಪ್ ಇದೆ, ಇಂಟರ್‌ನೆಟ್ ಇದೆ, ಇನ್ನೇನು ಬೇಕು?’ ಯೂರೋಪಿನ ಕಾಲುವೆಗಳಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ ದೋಣಿಯಲ್ಲೇ ಸಂಸಾರ ಹೂಡಿದವರ ವಿಡಿಯೊಗಳು ಈ ಆಸೆಗೆ ದಿನವೂ ನೀರೆರೆಯುತ್ತವೆ.

ಈ ಮಾತಿನ ಒಳಗೆ ಮೂರು ನಂಬಿಕೆಗಳಿವೆ. ದೋಣಿಯ ಬದುಕು ಅಗ್ಗ ಅನ್ನುವುದು ಮೊದಲನೆಯದು. ಅಲ್ಲಿ ಯಾರ ಹಂಗೂ ಇಲ್ಲ ಅನ್ನುವುದು ಎರಡನೆಯದು. ಪ್ರಕೃತಿಗೆ ಅದರಿಂದ ಭಾರವಿಲ್ಲ ಅನ್ನುವುದು ಮೂರನೆಯದು. ಮೂರೂ ತಪ್ಪು. ತಪ್ಪು ಮಾತ್ರವಲ್ಲ, ಮೂರಕ್ಕೂ ಬೆಲೆ ತೆರಬೇಕಾಗುತ್ತದೆ. ಆ ಬೆಲೆಯನ್ನು ದೋಣಿ ಕೊಂಡವರಷ್ಟೇ ತೆರುವುದಿಲ್ಲ.

ಮೊದಲು ಆ ಹೌಸ್‌ಬೋಟು ಏನು ಅನ್ನುವುದನ್ನು ನೋಡಬೇಕು. ಅದರ ಮೂಲ ಹೆಸರು ಕೆಟ್ಟುವಳ್ಳಂ. ಮಲಯಾಳದ ‘ಕೆಟ್ಟು’ ಕನ್ನಡದ ‘ಕಟ್ಟು’ವಿನ ಒಡಹುಟ್ಟು, ‘ವಳ್ಳಂ’ ಅಂದರೆ ದೋಣಿ. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದು, ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಬಳಿದು ಮಾಡಿದ ಸರಕಿನ ದೋಣಿ. ಕುಟ್ಟನಾಡಿನ ಭತ್ತವನ್ನೂ ಸಂಬಾರ ಪದಾರ್ಥಗಳನ್ನೂ ಕೊಚ್ಚಿಯ ಕಡೆ ಸಾಗಿಸುವುದು ಅದರ ಕೆಲಸವಾಗಿತ್ತು. ದೋಣಿಯವರು ದಾರಿಯಲ್ಲಿ ಅದರಲ್ಲೇ ಅನ್ನ ಬೇಯಿಸಿಕೊಂಡು ಮಲಗುತ್ತಿದ್ದದ್ದು ನಿಜ. ಲಾರಿಯ ಡ್ರೈವರು ಕ್ಯಾಬಿನ್ನಿನಲ್ಲಿ ಮಲಗುವ ಹಾಗೆ. ಲಾರಿಯನ್ನು ಯಾರೂ ಡ್ರೈವರನ ಮನೆ ಅನ್ನುವುದಿಲ್ಲ.

ರಸ್ತೆ, ಸೇತುವೆ, ಲಾರಿ ಬಂದ ಮೇಲೆ ಆ ದೋಣಿಗಳಿಗೆ ಸರಕು ಸಿಗದೆ ಹೋಯಿತು. ಕಳೆದ ಶತಮಾನದ ಕೊನೆಯ ಹೊತ್ತಿಗೆ ಅದೇ ದೋಣಿಗೆ ಬಿದಿರು, ಚಾಪೆಯ ಸೂರು ಹಾಕಿ, ಒಳಗೆ ಮಂಚ, ಶೌಚಾಲಯ ಇಟ್ಟು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದು ಶುರುವಾಯಿತು. ಇವತ್ತು ಅದು ಮಧ್ಯಾಹ್ನ ಹತ್ತಿ ಮರುದಿನ ಬೆಳಿಗ್ಗೆ ಇಳಿಯುವ ತೇಲುವ ಹೋಟೆಲು. ಓಡಿಸಲು ಒಬ್ಬ, ಎಂಜಿನ್ ನೋಡಲು ಒಬ್ಬ, ಕರಿಮೀನು ಹುರಿಯಲು ಒಬ್ಬ. ಡೀಸೆಲ್, ನೀರು, ಗ್ಯಾಸ್ ತುಂಬಿಸುವುದು, ಶೌಚದ ತೊಟ್ಟಿ ಖಾಲಿ ಮಾಡಿಸುವುದು, ತಳ ಕೆರೆಸುವುದು ಎಲ್ಲ ಅತಿಥಿಯ ಕಣ್ಣಿಗೆ ಬೀಳದಂತೆ ನಡೆಯುತ್ತದೆ. ಹೋಟೆಲ್ ರೂಮಿನಲ್ಲಿ ಚೆನ್ನಾಗಿ ನಿದ್ದೆ ಬಂತೆಂದು ಯಾರೂ ಹೋಟೆಲನ್ನೇ ಕೊಂಡುಕೊಳ್ಳುವುದಿಲ್ಲ. ಹೌಸ್‌ಬೋಟಿನ ವಿಷಯದಲ್ಲಿ ಮಾತ್ರ ಈ ಸಾಮಾನ್ಯ ಬುದ್ಧಿ ಕೈಕೊಡುತ್ತದೆ.

ಈಗ ದುಡ್ಡಿನ ಲೆಕ್ಕ. ಗೃಹಸಾಲಕ್ಕೆ ಬ್ಯಾಂಕು ಅಡವಿಟ್ಟುಕೊಳ್ಳುವುದು ಸ್ಥಿರಾಸ್ತಿಯನ್ನು: ನೆಲ, ನೆಲಕ್ಕೆ ಅಂಟಿಕೊಂಡ ಕಟ್ಟಡ. ದೋಣಿ ಚರಾಸ್ತಿ. ಆದ್ದರಿಂದ ಇಪ್ಪತ್ತು ವರ್ಷದ ಗೃಹಸಾಲ, ಅದರ ಕಡಿಮೆ ಬಡ್ಡಿ, ಅದಕ್ಕೆ ಸಿಗುವ ಆದಾಯ ತೆರಿಗೆಯ ವಿನಾಯಿತಿ ಇವು ಯಾವುವೂ ದೋಣಿಗೆ ಇಲ್ಲ. ಕೈಯಲ್ಲಿರುವ ಉಳಿತಾಯ ಸುರಿಯಬೇಕು, ಇಲ್ಲವೆ ದುಬಾರಿ ಬಡ್ಡಿಯ ಸಾಲ ಮಾಡಬೇಕು. ಕಟ್ಟಿ ಮುಗಿದು ಪೂರ್ಣಗೊಂಡ ಪ್ರಮಾಣಪತ್ರ ಪಡೆದ ಮನೆಯನ್ನು ಕೊಂಡರೆ ಮುದ್ರಾಂಕ ಶುಲ್ಕ ಇದೆ, ಜಿಎಸ್‌ಟಿ ಇಲ್ಲ. ಸ್ವಂತ ವಿಹಾರಕ್ಕೆಂದು ಕೊಳ್ಳುವ ಯಾಟುಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಶೇ. 40. ಸರ್ಕಾರದ ಕಣ್ಣಲ್ಲಿ ಅದು ಆಸರೆಯಲ್ಲ, ಶೋಕಿ.

ಒಬ್ಬರನ್ನು ಊಹಿಸಿಕೊಳ್ಳಿ. ಅವರ ಹತ್ತಿರ 40 ಲಕ್ಷ ರೂಪಾಯಿ ಇದೆ. ಅದನ್ನೆಲ್ಲ ಒಂದು ಹಳೆಯ ದೋಣಿಗೆ ಹಾಕಿದರು ಅಂದುಕೊಳ್ಳಿ. ದೋಣಿಯ ಬೆಲೆಯ ಹತ್ತನೇ ಒಂದು ಭಾಗ ವರ್ಷಾವರ್ಷ ಅದರ ಸಾಕಣೆಗೆ ಬೇಕು ಅನ್ನುವುದು ಲೋಕದ ದೋಣಿ ಮಾಲೀಕರೆಲ್ಲ ಒಪ್ಪುವ ಅಂದಾಜು. ಅದು 4 ಲಕ್ಷ. ಅದೇ 40 ಲಕ್ಷವನ್ನು ಶೇ. 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟಿದ್ದರೆ ಬರುತ್ತಿದ್ದದ್ದು ವರ್ಷಕ್ಕೆ 2 ಲಕ್ಷ 80 ಸಾವಿರ, ಅದೂ ಹೋಯಿತು. ಎರಡೂ ಕೂಡಿದರೆ ವರ್ಷಕ್ಕೆ 6 ಲಕ್ಷ 80 ಸಾವಿರ, ತಿಂಗಳಿಗೆ 56 ಸಾವಿರಕ್ಕೂ ಹೆಚ್ಚು. ‘ಬಾಡಿಗೆಯಿಲ್ಲದ’ ಮನೆಯ ಬಾಡಿಗೆ ಇದು. ಇದರಲ್ಲಿ ದೋಣಿ ಕಟ್ಟುವ ಜಾಗದ ಬಾಡಿಗೆ ಸೇರಿಲ್ಲ, ಆಳಿನ ಸಂಬಳ ಸೇರಿಲ್ಲ, ಡೀಸೆಲ್ ಸೇರಿಲ್ಲ. ಬಾಡಿಗೆದಾರ ಹತ್ತು ವರ್ಷ ಆದ ಮೇಲೆ ಮನೆ ಖಾಲಿ ಮಾಡುವಾಗ ಅವನ 40 ಲಕ್ಷ ಬ್ಯಾಂಕಿನಲ್ಲೇ ಇರುತ್ತದೆ. ದೋಣಿಯವರ 40 ಲಕ್ಷ ನೀರಿನಲ್ಲಿ ನೆನೆಯುತ್ತಿರುತ್ತದೆ.

ಮನೆಗೂ ವಯಸ್ಸಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ. ಆದರೆ ಮನೆಯ ಬೆಲೆಯಲ್ಲಿ ದೊಡ್ಡ ಪಾಲು ಅದರ ಕೆಳಗಿನ ನೆಲದ್ದು. ಗೋಡೆ ಹಳೆಯದಾದರೂ ನೆಲದ ಬೆಲೆ ಉಳಿಯುತ್ತದೆ, ಅನೇಕ ಸಲ ಏರುತ್ತದೆ. ದೋಣಿಯ ಕೆಳಗಿರುವ ನೀರು ಯಾರಪ್ಪನದೂ ಅಲ್ಲ. ಉಳಿಯುವುದು ಮರ, ಕಬ್ಬಿಣ, ಎಂಜಿನ್. ಇವು ಮೂರೂ ವರ್ಷ ಕಳೆದಂತೆ ಗುಜರಿಯ ಕಡೆಗೇ ನಡೆಯುತ್ತವೆ.

ಕೊಚ್ಚಿಯ ನೀರಂತೂ ದೋಣಿಯ ಪಾಲಿಗೆ ಸಾಧು ನೀರಲ್ಲ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು, ಬೇಸಿಗೆಯಲ್ಲಿ ಒಳನುಗ್ಗುವ ಕಡಲ ಉಪ್ಪುನೀರು. ಆ ಉಪ್ಪು ಕುಟ್ಟನಾಡಿನ ಗದ್ದೆಗೆ ಹೋಗದಿರಲೆಂದೇ ತಣ್ಣೀರ್‌ಮುಕ್ಕಂನಲ್ಲಿ ವೇಂಬನಾಡ್ ಕಾಯಲಿಗೆ ಅಡ್ಡಲಾಗಿ ಒಡ್ಡು ಕಟ್ಟಿ, ಬೇಸಿಗೆಯ ತಿಂಗಳುಗಳಲ್ಲಿ ಅದರ ಬಾಗಿಲು ಮುಚ್ಚುತ್ತಾರೆ. ಉಪ್ಪು ಬೆರೆತ ನೀರಿನಲ್ಲಿ ಮರ ಕೊರೆಯುವ ಹುಳುಗಳಿವೆ. ಹೊರಗಿನಿಂದ ಹಲಗೆ ಗಟ್ಟಿಯಾಗಿ ಕಾಣುತ್ತಿರುವಾಗಲೇ ಒಳಗೆ ಜೇನುಗೂಡಿನಂತೆ ತೂತಾಗಿರುತ್ತದೆ. ತಳಕ್ಕೆ ಚಿಪ್ಪಿನ ಜೀವಿಗಳು ಅಂಟಿಕೊಂಡು ದೋಣಿ ಭಾರವಾಗುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಮರ ಬೇಡ, ಉಕ್ಕು ಇರಲಿ ಅಂದರೆ ತುಕ್ಕು. ಫೈಬರ್ ಇರಲಿ ಅಂದರೆ ತಳ ಉಳಿಯಬಹುದು, ಪಂಪು, ಬ್ಯಾಟರಿ, ವೈರಿಂಗು ಉಳಿಯುವುದಿಲ್ಲ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಹಾಸಿಗೆ, ಬಟ್ಟೆ, ಪುಸ್ತಕ ಎಲ್ಲಕ್ಕೂ ಬೂಷ್ಟು. ಜೂನ್, ಜುಲೈನಲ್ಲಿ ದಿನಗಟ್ಟಲೆ ಸೂರ್ಯನ ಮುಖ ಕಾಣದಿದ್ದಾಗ ಸೋಲಾರ್ ಹಲಗೆ ನಂಬಿ ಲ್ಯಾಪ್‌ಟಾಪಿನಲ್ಲಿ ದುಡಿಯುವವರು ಕೊನೆಗೆ ಹುಡುಕುವುದು ದಡದ ಕರೆಂಟನ್ನೇ.

ಇವನ್ನೆಲ್ಲ ಸರಿಮಾಡಲು ದೋಣಿಯನ್ನು ಆಗಾಗ ನೀರಿನಿಂದ ಮೇಲೆಳೆಯಬೇಕು. ಕೆರೆದು, ಒಣಗಿಸಿ, ಸಂದು ತುಂಬಿ, ಬಣ್ಣ ಬಳಿದು ಮತ್ತೆ ಇಳಿಸುವವರೆಗೆ ವಾರಗಳು ಹಿಡಿಯುತ್ತವೆ. ಅಷ್ಟು ದಿನ ಸಂಸಾರ ಎಲ್ಲಿರಬೇಕು? ದಡದಲ್ಲಿ, ಬಾಡಿಗೆ ಕೊಟ್ಟು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ದೋಣಿ ಕೊಂಡು ನೋಡಿರಲಿಕ್ಕಿಲ್ಲ. ಮನೆ ಕಟ್ಟುವ ಕಷ್ಟ ಒಮ್ಮೆ ಮುಗಿಯುತ್ತದೆ. ದೋಣಿಯನ್ನು ಪ್ರತಿ ಸಲವೂ ಹೊಸದಾಗಿ ಕಟ್ಟುತ್ತಲೇ ಇರಬೇಕು.

ಎರಡನೆಯ ನಂಬಿಕೆ ಸ್ವಾತಂತ್ರ್ಯದ್ದು. ಬೇಜಾರಾದರೆ ಹಗ್ಗ ಬಿಚ್ಚಿ ಹೊರಟುಬಿಡಬಹುದು ಅನ್ನುವುದು. ಹೊರಡುವುದು ಎಲ್ಲಿಗೆ? ಎಂಜಿನ್ ಇರುವ ದೋಣಿ 2021ರ ಒಳನಾಡು ಹಡಗು ಕಾಯಿದೆಯ ಕೆಳಗೆ ಬರುತ್ತದೆ. ನೋಂದಣಿ, ತಪಾಸಣೆಯ ಪ್ರಮಾಣಪತ್ರ, ವಿಮೆ, ಓಡಿಸುವವರಿಗೆ ಅರ್ಹತಾ ಪತ್ರ ಇವೆಲ್ಲ ಬೇಕು. ಇವು ಕಿರುಕುಳಕ್ಕಾಗಿ ಮಾಡಿದ ನಿಯಮಗಳಲ್ಲ. 2015ರ ಆಗಸ್ಟ್ 26ರಂದು ಫೋರ್ಟ್ ಕೊಚ್ಚಿಯ ಜೆಟ್ಟಿಯ ಹತ್ತಿರವೇ ಹಳೆಯ ಪ್ರಯಾಣಿಕರ ದೋಣಿಗೆ ಮೀನುಗಾರಿಕೆಯ ದೋಣಿ ಡಿಕ್ಕಿ ಹೊಡೆದು 11 ಜನ ಸತ್ತರು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿತ್ತು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಜನ ಸತ್ತರು. ಅವರಲ್ಲಿ ಮಕ್ಕಳೇ ಹೆಚ್ಚು. ಆ ದೋಣಿ ಮೀನು ಹಿಡಿಯುವ ದೋಣಿಯನ್ನು ಮಾರ್ಪಡಿಸಿ ಮಾಡಿದ್ದು ಎಂಬ ಸಂಗತಿ ಆಗ ಹೊರಬಂತು. ‘ಹಳೆಯದೊಂದು ದೋಣಿ ಹಿಡಿದು ಮನೆಯಂತೆ ಮಾರ್ಪಡಿಸಿಕೊಂಡರೆ ಅಗ್ಗ’ ಅನ್ನುವವರು ತಾನೂರನ್ನು ನೆನೆಯಬೇಕು. ಒಂದು ಕೆಲಸಕ್ಕೆ ಕಟ್ಟಿದ ತಳದ ಮೇಲೆ ಇನ್ನೊಂದು ಕೆಲಸದ ಭಾರ ಹೇರಿದಾಗ ತೂಕದ ಲೆಕ್ಕ ತಪ್ಪುತ್ತದೆ. ಮೇಲೆ ಒಂದು ಮಹಡಿ, ಒಂದು ನೀರಿನ ಟ್ಯಾಂಕು, ನಾಲ್ಕು ಬೀರು ಏರಿಸಿದವರಿಗೆ ಅದು ತಿಳಿಯುವುದು ಗಾಳಿ ಬೀಸಿದ ದಿನ.

ಇನ್ನು ದೋಣಿ ಕಟ್ಟುವ ಜಾಗ. ಫೋರ್ಟ್ ಕೊಚ್ಚಿಯ ಮುಂದೆ ಹರಿಯುವುದು ಬಂದರಿನ ಹಡಗುದಾರಿ. ಕಂಟೇನರ್ ಹಡಗು, ನೌಕಾಪಡೆಯ ಹಡಗು, ಮೀನಿನ ದೋಣಿ, ವೈಪಿನ್‌ಗೆ ಹೋಗಿಬರುವ ರೋ-ರೋ, 2024ರಿಂದ ಅಲ್ಲಿಗೂ ಬಂದಿರುವ ವಾಟರ್ ಮೆಟ್ರೊ, ಎಲ್ಲ ಅದೇ ನೀರಿನಲ್ಲಿ. ಅಲ್ಲಿ ಬಿಡಾರ ಹೂಡಲು ಯಾರೂ ಬಿಡುವುದಿಲ್ಲ. ಬೋಲ್ಗಾಟಿಯಲ್ಲಿ ಪ್ರವಾಸೋದ್ಯಮ ನಿಗಮದ ಮರೀನಾ ಇದೆ. ಅದು ಸಮುದ್ರ ದಾಟಿ ಬರುವ ವಿಹಾರನೌಕೆಗಳಿಗೆಂದು ಮಾಡಿದ, ಶುಲ್ಕ ಕೊಟ್ಟು ತಂಗುವ ಜಾಗ. ಉಳಿದದ್ದು ಯಾರದೋ ತೋಟದ ಕಟ್ಟೆ. ಅಲ್ಲಿ ಹಗ್ಗ ಕಟ್ಟಬೇಕಾದರೆ ಆ ಯಾರದೋ ಮರ್ಜಿ ಬೇಕು. ಅವರು ನಾಳೆ ಬೇಡ ಅಂದರೆ ನಾಳೆಯೇ ಹೊರಡಬೇಕು. ಬಾಡಿಗೆದಾರನಿಗಾದರೂ ಕರಾರು ಇದೆ, ನೋಟಿಸಿನ ಅವಧಿ ಇದೆ.

ದೋಣಿಯ ಬದುಕು ಬೇರೂರಿರುವ ಇಂಗ್ಲೆಂಡಿನಲ್ಲೂ ಇದು ಸುಲಭವಲ್ಲ. ಅಲ್ಲಿನ ಕಾಲುವೆಗಳಲ್ಲಿ ಸ್ವಂತ ತಂಗುದಾಣ ಇಲ್ಲದ ದೋಣಿ ಒಂದೇ ಜಾಗದಲ್ಲಿ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ ಎಂದು 1995ರ ಕಾಯಿದೆ ಹೇಳುತ್ತದೆ. ಮಕ್ಕಳ ಶಾಲೆ, ಡಾಕ್ಟರು, ನೌಕರಿ ಎಲ್ಲ ಒಂದೇ ಊರಿನಲ್ಲಿ. ಮನೆ ಮಾತ್ರ ಎರಡು ವಾರಕ್ಕೊಮ್ಮೆ ಜಾಗ ಬದಲಿಸಬೇಕು. ವಿಡಿಯೊಗಳಲ್ಲಿ ಸೂರ್ಯಾಸ್ತ ಕಾಣುತ್ತದೆ, ಈ ಕ್ಯಾಲೆಂಡರು ಕಾಣುವುದಿಲ್ಲ.

ಭಾರತದಲ್ಲಿ ಇದಕ್ಕಿಂತ ದೊಡ್ಡ ತೊಡಕು ವಿಳಾಸದ್ದು. ಮನೆ ನಂಬರು ಇಲ್ಲದೆ ರೇಷನ್ ಕಾರ್ಡು, ಮತದಾರರ ಪಟ್ಟಿ, ಗ್ಯಾಸ್ ಸಂಪರ್ಕ, ಬ್ಯಾಂಕಿನ ಕಾಗದ ಯಾವುದೂ ಸರಾಗವಲ್ಲ. ಕೊಚ್ಚಿಯ ಮರಡಿನಲ್ಲಿ ಏನಾಯಿತೆಂದು ಎಲ್ಲರಿಗೂ ನೆನಪಿದೆ. ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿ ನೀರಿನ ಅಂಚಿಗೆ ಕಟ್ಟಿದ ನಾಲ್ಕು ವಸತಿ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಕೆಡವಿದರು. ಕೊಂಡವರ ಪಾಲಿಗೆ ಅದು ದುರಂತ. ಆದರೂ ಅವರ ಹೆಸರಿನಲ್ಲಿ ಕಾಗದವಿತ್ತು. ಅವರಿಗೆ ತಲಾ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡುವಂತೆ ಅದೇ ಕೋರ್ಟು ಹೇಳಿತು. ಕಾನೂನು ಮೀರಿ ಕಟ್ಟಿದ ಮನೆಯನ್ನು ಕೆಡವುವಾಗಲೂ ಕಾನೂನು ಅದರಲ್ಲಿದ್ದವರನ್ನು ಮನೆ ಕಳೆದುಕೊಂಡವರು ಎಂದೇ ಕಂಡಿತು. ದೋಣಿ ಮುಳುಗಿದರೆ ಕಳೆದುಹೋದದ್ದು ಮನೆ ಎಂದು ಯಾರು ಒಪ್ಪುತ್ತಾರೆ? ವಿಮೆಯವರು ಕೇಳುವುದು ತಪಾಸಣೆಯ ಪತ್ರ ಚಾಲ್ತಿಯಲ್ಲಿತ್ತೇ ಅನ್ನುವುದನ್ನು.

ಮೂರನೆಯ ನಂಬಿಕೆ, ದೋಣಿಯಿಂದ ಪ್ರಕೃತಿಗೆ ಭಾರವಿಲ್ಲ ಅನ್ನುವುದು. ಸಿಮೆಂಟಿಲ್ಲ, ಮರ ಕಡಿದು ಬಡಾವಣೆ ಮಾಡಿಲ್ಲ, ಆದ್ದರಿಂದ ಹಸಿರು ಬದುಕು ಎಂದು ವಾದ. ಆದರೆ ಮನುಷ್ಯ ದೋಣಿಯಲ್ಲೂ ಶೌಚಕ್ಕೆ ಹೋಗುತ್ತಾನೆ, ಪಾತ್ರೆ ತೊಳೆಯುತ್ತಾನೆ, ಸೋಪು ಹಚ್ಚುತ್ತಾನೆ. ನೆಲದ ಮನೆಗೆ ಒಳಚರಂಡಿಯೋ ಇಂಗುಗುಂಡಿಯೋ ಇದೆ. ದೋಣಿಗೆ ಇರುವುದು ಒಂದು ತೊಟ್ಟಿ. ಅದನ್ನು ಶುದ್ಧೀಕರಣ ಘಟಕದ ಹತ್ತಿರ ಒಯ್ದು ಖಾಲಿ ಮಾಡಿಸಿದರೆ ಸರಿ, ಇಲ್ಲವಾದರೆ ಕತ್ತಲಲ್ಲಿ ಒಂದು ವಾಲ್ವು ತಿರುಗಿಸಿದರೆ ಮುಗಿಯಿತು. 2002ರಲ್ಲೇ ರಾಮ್‌ಸಾರ್ ಪಟ್ಟಿಗೆ ಸೇರಿದ ವೇಂಬನಾಡ್ ಕಾಯಲು ಇವತ್ತು ಹೌಸ್‌ಬೋಟುಗಳ ಮಲಿನ, ಎಂಜಿನ್ನಿನ ಎಣ್ಣೆ, ಪ್ಲಾಸ್ಟಿಕ್, ಅಂತರಗಂಗೆಯ ಕಳೆ ಎಲ್ಲವನ್ನೂ ಹೊತ್ತು ಏದುಸಿರು ಬಿಡುತ್ತಿದೆ. ಆ ನೀರಿನ ದಡದಲ್ಲಿ ಚಿಪ್ಪು ಹೆಕ್ಕುವವರು, ಕರಿಮೀನು ಹಿಡಿಯುವವರು, ಅದೇ ನೀರಲ್ಲಿ ಬಟ್ಟೆ ಒಗೆಯುವವರು ಇದ್ದಾರೆ. ಇನ್ನೊಬ್ಬರ ಹಿತ್ತಿಲಿಗೆ ಕೊಳೆ ಬಿಟ್ಟು ಸರಳ ಬದುಕು ಎಂದು ಕರೆದುಕೊಳ್ಳುವುದಕ್ಕೆ ಬೇರೆ ಹೆಸರಿದೆ.

ನೀರಿನ ಜೊತೆಗೇ ಬದುಕಿದ ಕೊಚ್ಚಿಯ ಜನ ಏನು ಬಯಸಿದರು ಅನ್ನುವುದನ್ನೂ ನೋಡಬೇಕು. ವಿಲಿಂಗ್ಡನ್ ದ್ವೀಪ ಬಂದರಿಗಾಗಿ ಹೂಳೆತ್ತಿದ ಮಣ್ಣು ಸುರಿದು ಮಾಡಿದ ನೆಲ. ಕುಟ್ಟನಾಡಿನ ರೈತರು ಕಾಯಲಿಗೆ ಒಡ್ಡು ಹಾಕಿ, ನೀರು ಹೊರಗೆ ತಳ್ಳಿ, ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆದರು. ವೈಪಿನ್, ಮುಳವುಕಾಡ್ ದ್ವೀಪದವರು ದಶಕಗಳ ಕಾಲ ದೋಣಿಯಲ್ಲಿ ಎರ್ನಾಕುಳಂಗೆ ಹೋಗಿಬಂದರು. ಹೆರಿಗೆ ನೋವು ಬಂದರೂ ದೋಣಿ, ಹೆಣ ಸಾಗಿಸಬೇಕಾದರೂ ದೋಣಿ. ಅವರು ಇನ್ನೂ ಚಂದದ ದೋಣಿ ಕೊಡಿ ಎಂದು ಕೇಳಲಿಲ್ಲ. ಸೇತುವೆ ಕೊಡಿ ಎಂದು ಹೋರಾಡಿದರು. 2004ರಲ್ಲಿ ಗೋಶ್ರೀ ಸೇತುವೆಗಳು ಬಂದವು. ನೀರು ಏನೆಂದು ಬಲ್ಲವರು ನೆಲಕ್ಕೆ ಹಂಬಲಿಸಿದರು. ಬಲ್ಲದವರು ನೆಲ ಮಾರಿ ನೀರಿಗೆ ಹೋಗುತ್ತೇವೆ ಅನ್ನುತ್ತಾರೆ.

ಈ ಮಾತಿಗೆ ಸಾಕ್ಷಿಯಾಗಿ ಕನ್ನಡಿಗರೇ ಅಲ್ಲಿದ್ದಾರೆ. ಮೈಸೂರು ಸೀಮೆಯಿಂದ ವಲಸೆ ಹೋಗಿ ಕೊಚ್ಚಿಯ ಸುತ್ತಲಿನ ಹಿನ್ನೀರಿನಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವ ಕುಟುಂಬಗಳವು. ಮಲಯಾಳಿಗಳು ಹರಿಗೋಲನ್ನು ಕುಟ್ಟವಂಚಿ ಅನ್ನುತ್ತಾರೆ, ಬುಟ್ಟಿದೋಣಿ. ಗಂಡ ಬಲೆ ಬಿಟ್ಟರೆ ಹೆಂಡತಿ ಹುಟ್ಟು ಹಾಕುತ್ತಾಳೆ. ಸಿಕ್ಕ ಮೀನನ್ನು ರಸ್ತೆ ಬದಿಯಲ್ಲಿ ಮಾರುತ್ತಾರೆ. ಸೇತುವೆಯ ಕೆಳಗೆ, ದಡದ ಖಾಲಿ ಜಾಗದಲ್ಲಿ ಟಾರ್ಪಾಲು ಕಟ್ಟಿಕೊಂಡು ಇರುವವರು ಅವರಲ್ಲಿ ಎಷ್ಟೋ ಮಂದಿ. ಮಳೆ ಬಂದರೆ ಹರಿಗೋಲನ್ನು ಬೋರಲು ಹಾಕಿದರೆ ಅದೇ ಸೂರು. ದೋಣಿಯಲ್ಲಿ ಬದುಕುವುದು ಅಂದರೆ ಏನು ಎಂದು ಯಾರನ್ನಾದರೂ ಕೇಳಬೇಕಿದ್ದರೆ ಇವರನ್ನು ಕೇಳಬೇಕು. ಅವರು ನೀರಿಗಿಳಿದದ್ದು ನೆಲ ಬೇಸರವಾಗಿ ಅಲ್ಲ, ನೆಲ ಇಲ್ಲದೆ. ‘ಕೆಟ್ಟು ಪಟ್ಟಣ ಸೇರು’ ಎಂಬ ಗಾದೆಯಂತೆ ಬಂದವರಿಗೆ ಪಟ್ಟಣದಲ್ಲೂ ನೆಲ ಸಿಗದೆ ನೀರೇ ಗತಿಯಾಯಿತು. ಆಧಾರಿನ ವಿಳಾಸ ಒಂದು ರಾಜ್ಯದಲ್ಲಿ, ದುಡಿಮೆ ಇನ್ನೊಂದರಲ್ಲಿ. ಮಕ್ಕಳಿಗೆ ಯಾವ ಊರಿನ ಶಾಲೆ, ಯಾವ ಭಾಷೆಯ ಪಾಠ ಅನ್ನುವುದು ಪ್ರತಿ ವರ್ಷದ ತಲೆನೋವು. ಊರಿನಲ್ಲಿ ಎರಡು ಕೋಣೆಯ ಮನೆ ಏಳುವುದಕ್ಕಾಗಿ ಇವರು ರಾತ್ರಿಯಿಡೀ ನೀರಿನಲ್ಲಿರುತ್ತಾರೆ. ಆ ಮನೆಯನ್ನು ಮಾರಿ ಹರಿಗೋಲು ಕೊಳ್ಳಿ ಎಂದರೆ ನಕ್ಕಾರು.

ಇಷ್ಟು ಹೇಳಿದ ಮೇಲೆ ಎದುರು ವಾದಕ್ಕೂ ಕಿವಿಗೊಡಬೇಕು. ಎಲ್ಲರಿಗೂ ನೆಲವೇ ಬೇಕೆಂದರೆ ನಗರಗಳಲ್ಲಿ ನೆಲ ಎಲ್ಲಿದೆ? ಆಮ್‌ಸ್ಟರ್‌ಡ್ಯಾಮಿನಲ್ಲಿ ಜನ ನೀರಿನ ಮೇಲೆ ಮರ್ಯಾದೆಯಾಗಿ ಬದುಕುತ್ತಿಲ್ಲವೇ? ಬದುಕುತ್ತಿದ್ದಾರೆ. ಅಲ್ಲಿ ನಗರಾಡಳಿತ ದೋಣಿಗೆ ನಿಗದಿತ ಜಾಗ ಕೊಟ್ಟು, ಅನುಮತಿ ಕೊಟ್ಟು, ವಿದ್ಯುತ್ತು, ನೀರು, ಒಳಚರಂಡಿಯ ಕೊಳವೆಯನ್ನು ಅದರ ಬಾಗಿಲಿಗೆ ತಂದಿದೆ. ಅಂದರೆ ಆ ದೋಣಿಗಳನ್ನು ನೆಲಕ್ಕೆ ಹೊಲಿದಿದ್ದಾರೆ. ಅದಾದ ಮೇಲೆ ಅವು ಅಗ್ಗವಾಗಿಯೂ ಉಳಿದಿಲ್ಲ, ಹಗ್ಗ ಬಿಚ್ಚಿ ಹೊರಡುವ ಸ್ಥಿತಿಯಲ್ಲೂ ಇಲ್ಲ. ಆಮ್‌ಸ್ಟರ್‌ಡ್ಯಾಮನ್ನು ಉದಾಹರಿಸುವವರು ಕೊಂಡಾಡುತ್ತಿರುವುದು ದೋಣಿಯನ್ನಲ್ಲ, ದಡದಲ್ಲಿ ಚೆನ್ನಾಗಿ ಕೆಲಸ ಮಾಡುವ ಒಂದು ಪುರಸಭೆಯನ್ನು.

ದೋಣಿಯ ಮೇಲೆ ಪ್ರೀತಿ ಇದ್ದವರು ದೋಣಿ ಹತ್ತಲಿ. ವರ್ಷಕ್ಕೆ ಒಂದು ವಾರ ಬಾಡಿಗೆಗೆ ಹಿಡಿಯಲಿ; ಹುರಿ ಹೊಲಿಯುವವರಿಗೂ ಮೀನು ಹುರಿಯುವವರಿಗೂ ಅದರಿಂದ ನಾಲ್ಕು ಕಾಸು. ಕೊಂಡೇ ತೀರುತ್ತೇನೆ ಅನ್ನುವವರು ಮುಂಗಡ ಕೊಡುವ ಮೊದಲು ಜುಲೈ ತಿಂಗಳ ಪೂರ್ತಿ ಅದರಲ್ಲಿದ್ದು ನೋಡಲಿ. ತಳವನ್ನು ಮೇಲೆಳೆಸಿ ಹಲಗೆ ಹಲಗೆಗೂ ಚುಚ್ಚಿ ನೋಡಿಸಲಿ. ಎಲ್ಲಿ ಕಟ್ಟುತ್ತೀರಿ, ಯಾರ ಒಪ್ಪಿಗೆ ಬರಹದಲ್ಲಿದೆ, ತೊಟ್ಟಿ ಎಲ್ಲಿ ಖಾಲಿಯಾಗುತ್ತದೆ, ರಾತ್ರಿ ಎದೆನೋವು ಬಂದರೆ ಆಂಬುಲೆನ್ಸು ಎಲ್ಲಿಯವರೆಗೆ ಬರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಳ್ಳಲಿ. ಮಾರುವವರು ಈ ಯಾವ ಪ್ರಶ್ನೆಯನ್ನೂ ತಾವಾಗಿ ಎತ್ತುವುದಿಲ್ಲ.

ಕೊಚ್ಚಿಯ ನೀರಿನ ಮೇಲೆ ವಾಸಕ್ಕೆ ವ್ಯವಸ್ಥೆ ಆಗಲೇಬೇಕು ಎಂದು ಯಾರಾದರೂ ತಿರುವನಂತಪುರದ ಸರ್ಕಾರವನ್ನು ಕೇಳುವುದಾದರೆ ಕೇಳಲಿ. ಹಗ್ಗ ಕಟ್ಟಲು ಹಕ್ಕಿನ ಜಾಗ, ಒಂದು ನಲ್ಲಿ, ಒಂದು ಶೌಚಾಲಯ, ರೇಷನ್ ಕಾರ್ಡಿಗೆ ಸಾಲುವ ಒಂದು ವಿಳಾಸ. ಆದರೆ ಆ ಸಾಲಿನಲ್ಲಿ ಮೊದಲು ನಿಲ್ಲಬೇಕಾದವರು ಲ್ಯಾಪ್‌ಟಾಪ್ ಹಿಡಿದು ಬರುವವರಲ್ಲ. ಸೇತುವೆಯ ಕೆಳಗೆ ಹರಿಗೋಲು ಬೋರಲು ಹಾಕಿಕೊಂಡು ಮಲಗಿರುವವರು.